ಐದು ವಿಜಯಗಳ ಕೋಟೆ

ಆಂಧ್ರದ ಪೆಂಡುರ್ತಿಯಿಂದ ಕೊತ್ತವಲಸದ ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸಿಗುವ ದೊಡ್ಡ ಊರು ವಿಜಯನಗರಂ. ಹಂಪಿಯ ವಿಜಯನಗರ ಬೇರೆ, ಇದು ಬೇರೆ. ಇದು ಪೂಸಪಾಟಿ ಮನೆತನದ ರಾಜಧಾನಿ. ಇಲ್ಲಿನ ಕೋಟೆಗೆ ಬುನಾದಿ ಬಿದ್ದದ್ದು 1713ರಲ್ಲಿ. ಆ ಮುಹೂರ್ತಕ್ಕೆ ಐದು ವಿಜಯಗಳು ಕೂಡಿಬಂದಿದ್ದವಂತೆ: ರಾಜ ವಿಜಯರಾಮರಾಜು, ಊರು ವಿಜಯನಗರಂ, ತಿಥಿ ವಿಜಯದಶಮಿ, ಸಂವತ್ಸರ ವಿಜಯ, ವಾರ ಮಂಗಳವಾರ. ತೆಲುಗರಿಗೆ ಮಂಗಳವಾರವೆಂದರೆ ಜಯವಾರ. ಉಳಿದದ್ದು ಹೇಗೋ, ಸಂವತ್ಸರದ ಲೆಕ್ಕವಂತೂ ತಾಳೆಯಾಗುತ್ತದೆ: 2013ರ ಯುಗಾದಿಗೆ ಬಂದದ್ದು ವಿಜಯ, ಅಲ್ಲಿಂದ 60 ವರ್ಷಗಳ ಐದು ಸುತ್ತು ಹಿಂದೆ ಹೋದರೆ 1713.

ಚಿತ್ರದುರ್ಗದ ಏಳುಸುತ್ತು ನೋಡಿದ ಕಣ್ಣಿಗೆ ಇದೇನೂ ದೊಡ್ಡ ಕೋಟೆಯಲ್ಲ. ಬಯಲಿನ ಮೇಲೆ ಕಟ್ಟಿದ ಚೌಕ, ನಾಲ್ಕು ಮೂಲೆಗೆ ನಾಲ್ಕು ಕೊತ್ತಳ. ಹೆಬ್ಬಾಗಿಲಿಗೆ ನಗರಖಾನೆ ಎಂಬ ಹೆಸರು. ರಾಜರ ಬರುವಿಕೆಯನ್ನು ನಗಾರಿ ಬಾರಿಸಿ ಸಾರುತ್ತಿದ್ದದ್ದು ಇಲ್ಲಿಂದಲೇ.

ಐದು ವಿಜಯಗಳ ಬಲ ಗೋಡೆಯಾಚೆ ನಡೆದಂತಿಲ್ಲ. 1757ರ ಜನವರಿಯಲ್ಲಿ ಪೆದ್ದ ವಿಜಯರಾಮರಾಜು ಫ್ರೆಂಚ್ ಸೇನಾನಿ ಬುಸ್ಸಿಯ ಜೊತೆಗೂಡಿ ನೆರೆಯ ಬೊಬ್ಬಿಲಿಯನ್ನು ನೆಲಸಮ ಮಾಡಿದ. ಗೆಲುವಿನ ಬೆನ್ನಿಗೇ ಬೊಬ್ಬಿಲಿಯ ತಾಂಡ್ರ ಪಾಪಾರಾಯುಡು ರಾತ್ರಿ ಡೇರೆಗೆ ನುಗ್ಗಿ ಅವನನ್ನು ಇರಿದು ಕೊಂದ. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಯೆದುರು ಪದ್ಮನಾಭಂನಲ್ಲಿ ಅದೇ ಮನೆತನದ ಚಿನ್ನ ವಿಜಯರಾಮರಾಜು ಮಡಿದ.

ಬೊಬ್ಬಿಲಿಯ ರಕ್ತಪಾತಕ್ಕೆ ನೊಂದು ಪೆದ್ದ ರಾಜನ ತಂಗಿ ಪೈಡಿಮಾಂಬ ಕೆರೆಗೆ ಹಾರಿದಳೆಂದೂ, ಅವಳೇ ಊರದೇವತೆ ಪೈಡಿತಲ್ಲಿಯಾಗಿ ನೆಲೆಸಿದಳೆಂದೂ ಜನರ ನಂಬಿಕೆ. ಪ್ರತಿವರ್ಷ ವಿಜಯದಶಮಿಯ ನಂತರದ ಮಂಗಳವಾರ ಆಕೆಯ ಸಿರಿಮಾನೋತ್ಸವ. ನಮ್ಮ ಕಡೆಯ ಸಿಡಿ ಕಂಡವರಿಗೆ ಇದರ ರೂಪ ಹೊಸದಲ್ಲ. ಸಿರಿಮಾನು ಎಂಬ ಹುಣಸೆಮರದ ಉದ್ದನೆಯ ಕಾಂಡವನ್ನು ಗಾಡಿಗೆ ಕಟ್ಟಿ ಓರೆಯಾಗಿ ಮೇಲಕ್ಕೆತ್ತುತ್ತಾರೆ. ಆಕಾಶದತ್ತ ಚಾಚಿದ ಅದರ ತುದಿಯಲ್ಲಿ ಪೂಜಾರಿ ಕೂರುತ್ತಾನೆ. ಗುಡಿಯಿಂದ ಕೋಟೆಗೆ, ಕೋಟೆಯಿಂದ ಗುಡಿಗೆ ಹೀಗೆ ಮೂರು ಸಲ ಸಿರಿಮಾನು ಓಡಾಡುತ್ತದೆ. ಪೂಸಪಾಟಿ ಮನೆಯವರು ಕೋಟೆಯ ಮೇಲೆ ಕೂತು ಅದನ್ನು ನೋಡುವುದು ವಾಡಿಕೆ.

ನನ್ನ ಮಟ್ಟಿಗೆ ಈ ಮನೆತನದ ದೊಡ್ಡಸ್ತಿಕೆ ಕತ್ತಿಯದ್ದಲ್ಲ. ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ನಾಟಕ 1892ರಲ್ಲಿ ಮೊದಲು ರಂಗಕ್ಕೇರಿದ್ದು ಈ ಊರಲ್ಲಿ, ಮಹಾರಾಜ ಆನಂದ ಗಜಪತಿರಾಜು ಅವರ ಆಶ್ರಯದ ಕಾಲದಲ್ಲಿ. 1958ರಲ್ಲಿ ಪಿ.ವಿ.ಜಿ. ರಾಜು ಶಿಕ್ಷಣಕ್ಕೆಂದು ಮಾನ್ಸಾಸ್ ಟ್ರಸ್ಟ್ ಕಟ್ಟಿದರು. ಕೋಟೆ ವಿದ್ಯಾಸಂಸ್ಥೆಗಳ ಪಾಲಾಯಿತು. ಇದೇ ಮನೆತನದ ವಿಜ್ಜಿ 1936ರಲ್ಲಿ ಭಾರತ ಕ್ರಿಕೆಟ್ ತಂಡದ ನಾಯಕನಾಗಿ ಇಂಗ್ಲೆಂಡಿಗೆ ಹೋದದ್ದೂ ಉಂಟು. ಆಟಕ್ಕಿಂತ ಜಗಳವೇ ಹೆಚ್ಚು ನೆನಪಿನಲ್ಲಿ ಉಳಿದ ಪ್ರವಾಸ ಅದು.

ಕನ್ನಡಿಗರಿಗೆ ಹತ್ತಿರದ್ದು 1919ರಲ್ಲಿ ಮಹಾರಾಜರು ತೆರೆದ ಸಂಗೀತ ಕಾಲೇಜು. ಆದಿಭಟ್ಲ ನಾರಾಯಣದಾಸರು ಅದರ ಮೊದಲ ಪ್ರಾಂಶುಪಾಲರು. ಪಿಟೀಲು ಕಲಿಸಿದವರು ದ್ವಾರಂ ವೆಂಕಟಸ್ವಾಮಿ ನಾಯ್ಡು. ಗಾಯಕ ಘಂಟಸಾಲ ಓದಿದ್ದು ಅಲ್ಲಿ. ಕನ್ನಡ ಚಿತ್ರಗೀತೆಗಳಿಂದ ನಮ್ಮ ಮನೆಮಾತಾದ ಪಿ. ಸುಶೀಲಾ ಸಂಗೀತ ಕಲಿತದ್ದೂ ಅಲ್ಲೇ.