ಸ್ಕ್ಯಾನ್ ರಿಪೋರ್ಟಿನಲ್ಲಿ ನಾಲ್ಕು ಸೆಂಟಿಮೀಟರ್

ನಾವು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವರು, ಡಾಕ್ಟರಲ್ಲ. ಆದರೂ ಪೀಣ್ಯದ ಈ ಬದಿಗೆ ಬಂದ ಮೇಲೆ ನಮ್ಮ ಮನೆಗೆ ಮಸಲ ಕೇಳಲು ಬರುವ ಹೆಂಗಸರ ಕೈಯಲ್ಲಿ ಕಿತಾಬಿಗಿಂತ ಹೆಚ್ಚು ಕಾಣುವುದು ಸ್ಕ್ಯಾನಿಂಗಿನ ಫೈಲ್. ಕೇಳಲು ಬಂದದ್ದು ಹೈಳಿನ ಲೆಕ್ಕ. ಹದಿನೈದು ದಿನ ದಾಟಿದರೂ ನಿಲ್ಲಲಿಲ್ಲ, ನಮಾಝ್ ಎಂತ ಮಾಡುವುದು ಎಂದು. ನಮ್ಮ ಮನೆಯವಳು ಮಸಲ ಹೇಳಿ, "ಡಾಕ್ಟರಿಗೆ ತೋರಿಸಿದಿರಾ?" ಎಂದು ಕೇಳಿದರೆ ಆಗ ಫೈಲ್ ಹೊರಗೆ ಬರುತ್ತದೆ. ಅದರಲ್ಲಿ ಒಂದು ಪದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿರುತ್ತಾರೆ: ಸಿಸ್ಟ್.

ಕಳೆದ ರಜಬ್‌ನಲ್ಲಿ ಬಂದದ್ದು ಬಂಟ್ವಾಳ ಕಡೆಯ ಒಂದು ಉಮ್ಮ. ಮಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಬಕ್ರೀದ್ ಕಳೆದು ನಿಕಾಹ್ ಎಂದು ಮಾತಾಗಿತ್ತು. ಆಫೀಸಿನ ಹೆಲ್ತ್ ಕ್ಯಾಂಪಿನಲ್ಲಿ ‘ಹೆಂಗಸರ ಪ್ಯಾಕೇಜ್’ ಎಂದು ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಎಡ ಅಂಡಾಶಯದಲ್ಲಿ 4.2 ಸೆಂಟಿಮೀಟರ್ ಸಿಸ್ಟ್. ಸಿಎ-125 ಎಂಬ ರಕ್ತಪರೀಕ್ಷೆ 58. ಪಕ್ಕದಲ್ಲಿ ‘35ಕ್ಕಿಂತ ಕಡಿಮೆ ಇರಬೇಕು’ ಎಂದು ಅಚ್ಚಾಗಿತ್ತು. ಹುಡುಗಿ ಗೂಗಲ್ ನೋಡಿದಳು. ರಾತ್ರಿಯಿಡೀ ಅತ್ತಳಂತೆ. ಉಮ್ಮನ ಪ್ರಶ್ನೆ ಬೇರೆ: ಇದನ್ನು ಹುಡುಗನ ಮನೆಗೆ ಹೇಳಬೇಕಾ, ಬೇಡವಾ?

ಹೇಳುವುದು ಬಿಡುವುದು ಆಮೇಲೆ. ಮೊದಲು ಅದು ಎಂತ ಎಂದು ಗೊತ್ತಾಗಲಿ ಎಂದು ಸ್ತ್ರೀರೋಗ ತಜ್ಞೆಯ ಹತ್ತಿರ ಕಳಿಸಿದೆವು. ಅವರು ಹೇಳಿದ್ದನ್ನು ನಾವು ಅರ್ಥ ಮಾಡಿಕೊಂಡಷ್ಟು ಇಲ್ಲಿ ಬರೆಯುತ್ತೇವೆ.

ಪ್ರಾಯದ ಹೆಣ್ಣಿನ ಅಂಡಾಶಯದಲ್ಲಿ ಪ್ರತಿ ತಿಂಗಳೂ ಒಂದು ನೀರಿನ ಗುಳ್ಳೆ ಬೆಳೆಯುತ್ತದೆ. ಸುಮಾರು ಎರಡು ಸೆಂಟಿಮೀಟರ್ ಆದಾಗ ಒಡೆದು ಅಂಡ ಹೊರಬರುತ್ತದೆ. ಯಾವುದೋ ತಿಂಗಳು ಅದು ಒಡೆಯದೆ ಉಳಿದರೆ ನೀರು ತುಂಬಿ ದೊಡ್ಡದಾಗುತ್ತದೆ. ಸಿಸ್ಟ್ ಎಂದರೆ ಹೆಚ್ಚಿನ ಸಲ ಇಷ್ಟೇ. ಎರಡು-ಮೂರು ತಿಂಗಳಲ್ಲಿ ತಾನಾಗಿಯೇ ಕರಗುತ್ತದೆ. ರಿಪೋರ್ಟಿನಲ್ಲಿ ‘ಸಿಂಪಲ್’ ಎಂದಿದ್ದರೆ ತೆಳು ಗೋಡೆ, ಒಳಗೆ ಬರೀ ನೀರು ಎಂದರ್ಥ. ‘ಸಾಲಿಡ್’ ಎಂದರೆ ಗಟ್ಟಿ ಭಾಗ ಉಂಟು. ‘ಸೆಪ್ಟಾ’ ಎಂದರೆ ಒಳಗೆ ಗೋಡೆಗಳು. ಇಂಥದ್ದಿದ್ದರೆ ಹೆಚ್ಚು ಜಾಗ್ರತೆಯಿಂದ ನೋಡಬೇಕು. ಡರ್ಮಾಯ್ಡ್, ಚಾಕಲೇಟ್ ಸಿಸ್ಟ್ ಎಂಬವು ತಾವಾಗಿ ಕರಗುವ ಜಾತಿಯಲ್ಲ, ಆದರೆ ಸಾಮಾನ್ಯವಾಗಿ ಕ್ಯಾನ್ಸರೂ ಅಲ್ಲ. ಇನ್ನು ನಮ್ಮ ಹೆಂಗಸರು ಎಲ್ಲದಕ್ಕೂ ಪಿಸಿಒಡಿ ಎನ್ನುತ್ತಾರಲ್ಲ, ಅದರಲ್ಲಿ ಕಾಣುವ ಸಣ್ಣ ಸಣ್ಣ ಗುಳ್ಳೆಗಳು ನಿಜವಾದ ಸಿಸ್ಟುಗಳೇ ಅಲ್ಲವಂತೆ, ಪೂರ್ತಿ ಬೆಳೆಯದ ಅಂಡಕೋಶಗಳು. ಮುಟ್ಟಾಗತೊಡಗಿ ಎಂಟು ವರ್ಷ ತುಂಬದ ಹುಡುಗಿಯರಿಗೆ ಸ್ಕ್ಯಾನ್ ನೋಡಿ ಪಿಸಿಒಎಸ್ ಎಂದು ಹೆಸರಿಡಬಾರದು ಎಂದೇ 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳಿತು. ಎಷ್ಟು ಹುಡುಗಿಯರ ಮೇಲೆ ಆ ಹೆಸರು ಅಂಟಿಸಿಯಾಗಿದೆಯೋ!

ಹಾಗಾದರೆ ಆ 58? ಹುಡುಗಿ ರಕ್ತ ಕೊಟ್ಟದ್ದು ಮುಟ್ಟಿನ ಎರಡನೇ ದಿನ. ಆಗಲೂ ಸಿಎ-125 ಏರುತ್ತದೆ ಎಂದು ಕ್ಯಾಂಪಿನಲ್ಲಿ ಯಾರೂ ಹೇಳಿರಲಿಲ್ಲ. ಗರ್ಭಿಣಿಯಾದರೆ ಏರುತ್ತದೆ, ಫೈಬ್ರಾಯ್ಡ್ ಇದ್ದರೆ ಏರುತ್ತದೆ, ಚಾಕಲೇಟ್ ಸಿಸ್ಟಿಗೂ ಏರುತ್ತದೆ. ಇತ್ತ ಆರಂಭದ ಹಂತದ ಅಂಡಾಶಯ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಏರುವುದೇ ಇಲ್ಲ. ಅಂದರೆ ಹೆಚ್ಚಿದ್ದರೆ ಕ್ಯಾನ್ಸರ್ ಎಂದಲ್ಲ, ಕಡಿಮೆಯಿದ್ದರೆ ಇಲ್ಲ ಎಂದೂ ಅಲ್ಲ. ಕ್ಯಾನ್ಸರ್ ಗೊತ್ತಾದವರಿಗೆ ಔಷಧಿ ಹಿಡಿಯುತ್ತಿದೆಯಾ ಎಂದು ನೋಡಲು ಇದು ಬಹಳ ಉಪಯೋಗ. ಏನೂ ತೊಂದರೆ ಇಲ್ಲದವರಿಗೆ ಪ್ಯಾಕೇಜಿನಲ್ಲಿ ಸೇರಿಸಿ ಮಾಡಿದರೆ ಹೆದರಿಕೆ ಮಾತ್ರ ಲಾಭ.

ಇದು ನಮ್ಮ ಮಾತಲ್ಲ. ಬ್ರಿಟನ್ನಿನಲ್ಲಿ 2001ರಿಂದ 2005ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು, ಕೆಲವರಿಗೆ ವರ್ಷ ವರ್ಷ ಈ ರಕ್ತಪರೀಕ್ಷೆ, ಕೆಲವರಿಗೆ ಸ್ಕ್ಯಾನ್, ಉಳಿದವರಿಗೆ ಏನೂ ಇಲ್ಲ ಎಂದು ಮಾಡಿ ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಪರೀಕ್ಷೆ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರಿನಿಂದ ಸಾಯುವವರು ಕಡಿಮೆಯಾಗಲಿಲ್ಲ. ಅಮೆರಿಕದ ಇಂಥದ್ದೇ ಅಧ್ಯಯನದಲ್ಲಿ ಪರೀಕ್ಷೆ ತಪ್ಪು ಸೂಚನೆ ಕೊಟ್ಟದ್ದರಿಂದ 1,080 ಹೆಂಗಸರು ಆಪರೇಷನ್ ಮಾಡಿಸಿಕೊಂಡರು. ಕ್ಯಾನ್ಸರ್ ಇಲ್ಲದವರು ಅವರು. ಅವರಲ್ಲಿ 163 ಮಂದಿಗೆ ಆಪರೇಷನ್ನಿನಿಂದಲೇ ಗಂಭೀರ ತೊಂದರೆಯಾಯಿತು.

ಇದನ್ನು ಓದಿ "ಹಾಗಾದರೆ ಡಾಕ್ಟರೇ ಬೇಡ" ಎಂದು ಯಾರೂ ಹೇಳಬೇಡಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುವ, ನಲವತ್ತು ದಾಟಿದ ಒಬ್ಬರು ತಿಂಗಳುಗಟ್ಟಲೆ ಹೊಟ್ಟೆ ಉಬ್ಬರಕ್ಕೆ ಗ್ಯಾಸಿನ ಮಾತ್ರೆ ನುಂಗಿದರು. ಊಟ ಎರಡು ತುತ್ತಿಗೇ ಸಾಕಾಗುತ್ತಿತ್ತು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಹೊಟ್ಟೆಯಲ್ಲಿ ನೀರು, ಅಂಡಾಶಯದ ಹತ್ತಿರ ಗಡ್ಡೆಯಂಥದ್ದು; ಸಿಎ-125 ನಾನೂರರ ಮೇಲೆ. ಮನೆಯವರು ಆಸೆ ಬಿಟ್ಟರು. ಗಂಡ ನಮ್ಮಲ್ಲಿ ಬಂದು ದುಆ ಮಾಡಿಸಿಕೊಂಡು ಹೋದರು. ಆಸ್ಪತ್ರೆಯವರು ಮಾತ್ರ ನಂಬರ್ ನೋಡಿ ತೀರ್ಮಾನ ಮಾಡದೆ, ಸಣ್ಣ ತೂತು ಮಾಡಿ ಒಳಗೆ ನೋಡಿ, ಹೊಟ್ಟೆಯ ಪೊರೆಯಿಂದ ತುಣುಕು ತೆಗೆದು ಕಳಿಸಿದರು. ಬಂದದ್ದು ಟಿಬಿ. ಹೊಟ್ಟೆಯ ಟಿಬಿ ಅಂಡಾಶಯದ ಕ್ಯಾನ್ಸರಿನ ವೇಷದಲ್ಲೇ ಬರುತ್ತದೆ, ಸಿಎ-125 ಕೂಡ ಏರಿಸುತ್ತದೆ. ಸರಕಾರದ ಉಚಿತ ಮಾತ್ರೆ ಆರು ತಿಂಗಳು ತಿಂದರು. ಈಗ ಪುನಃ ಕೆಲಸಕ್ಕೆ ಹೋಗುತ್ತಾರೆ, ಅಲ್‌ಹಮ್ದುಲಿಲ್ಲಾಹ್.

ಅವರದ್ದು ಟಿಬಿ ಆಯಿತು, ಎಲ್ಲರದ್ದೂ ಹಾಗೆ ಆಗುವುದಿಲ್ಲ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಓಡುವುದು, ಇವು ಹೊಸದಾಗಿ ಶುರುವಾಗಿ ವಾರಗಟ್ಟಲೆ ಬಿಡದಿದ್ದರೆ, ಅದರಲ್ಲೂ ಐವತ್ತು ದಾಟಿದವರಿಗೆ, ಒಂದು ಹಳೆಯ ನಾರ್ಮಲ್ ರಿಪೋರ್ಟ್ ಹಿಡಿದು ಸುಮ್ಮನೆ ಕೂರಬಾರದು. ಪ್ಯಾಪ್ ಸ್ಮಿಯರ್ ಮಾಡಿಸಿದ್ದೇವೆ ಎನ್ನುತ್ತಾರೆ. ಅದು ಗರ್ಭಕೋಶದ ಕೊರಳಿನ ಪರೀಕ್ಷೆ, ಅಂಡಾಶಯದ್ದಲ್ಲ. ಸಿಸ್ಟ್ ಇರುವ ಯಾವ ಪ್ರಾಯದವರಿಗೂ ತಟ್ಟನೆ ಒಂದೇ ಬದಿ ತಡೆಯಲಾಗದ ನೋವು, ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ಆಗ ಬೆಳಗ್ಗಿನವರೆಗೆ ಕಾಯುವಂತಿಲ್ಲ, ಗಂಡ ಶಿಫ್ಟ್ ಮುಗಿಸಿ ಬರಲಿ ಎನ್ನುವಂತಿಲ್ಲ, ಆಟೋ ಹಿಡಿದು ಹೋಗುವುದೇ.

ಖರ್ಚಿನ ಮಾತು. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಇಎಸ್‌ಐ ಕಡಿತ ಆಗುತ್ತಿದ್ದರೆ ಪೀಣ್ಯ ಮತ್ತು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳು ಉಂಟು. ಕಾರ್ಡ್ ಗಂಡನ ಹೆಸರಿನಲ್ಲಿದ್ದರೂ ಹೆಂಡತಿಗೆ ನಡೆಯುತ್ತದೆ. ಕ್ಯಾನ್ಸರಿನ ಸಂಶಯ ಬಲವಾಗಿದ್ದರೆ ಹೊಸೂರು ರಸ್ತೆಯ ಕಿದ್ವಾಯಿ.

ಆ ಹುಡುಗಿಗೆ ಡಾಕ್ಟರು ಎರಡು ತಿಂಗಳು ಬಿಟ್ಟು, ಮುಟ್ಟು ಮುಗಿಯುವ ಹೊತ್ತಿಗೆ ಪುನಃ ಸ್ಕ್ಯಾನ್ ಮಾಡಿಸಲು ಹೇಳಿದ್ದರು. ಮದುವೆಯಾಗದವಳಾದ್ದರಿಂದ ಹೊಟ್ಟೆಯ ಮೇಲಿಂದಲೇ ಮಾಡುವ ಸ್ಕ್ಯಾನ್. ಅದಕ್ಕೆ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಳ್ಳಬೇಕು. ಅಷ್ಟರಲ್ಲಿ ರಂಝಾನ್ ಬಂದಿತ್ತು. ಉಮ್ಮನಿಗೆ ಉಪವಾಸದ ಚಿಂತೆ. ಮುಟ್ಟು ಪೂರ್ತಿ ನಿಂತಿಲ್ಲವಾದರೆ ಉಪವಾಸವೇ ಇಲ್ಲ, ಆಮೇಲೆ ಖಳಾ ಹಿಡಿದರಾಯಿತು ಎಂದು ನೆನಪು ಮಾಡಿದೆವು. ಸ್ಕ್ಯಾನಿನಲ್ಲಿ ಎಡಗಡೆ ಏನೂ ಇರಲಿಲ್ಲ. ಕೆಲವು ದಿನ ಬಿಟ್ಟು ಮಾಡಿಸಿದ ಸಿಎ-125 ಹತ್ತೊಂಬತ್ತು. ಹುಡುಗನ ಮನೆಗೆ ಹೇಳುವ ವಿಷಯ ನಾವು ಪುನಃ ಕೇಳಲಿಲ್ಲ. ಅವಳೇ ಮೊದಲ ವಾರದಲ್ಲೇ ಹುಡುಗನಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದಳಂತೆ.