ಜಾಲತಾಣದ ಜಾಹೀರಾತು: ಅಲಂಕಾರವೂ ನಿಯಮವೂ

ವೃತ್ತಪತ್ರಿಕೆಯ ಪುಟವೊಂದನ್ನು ಕೈಗೆತ್ತಿಕೊಂಡು ನೋಡಿದರೆ ಸುದ್ದಿಯೂ ಜಾಹೀರಾತೂ ಒಂದೇ ಮಸಿಯಲ್ಲಿ, ಒಂದೇ ಯಂತ್ರದಲ್ಲಿ ಅಚ್ಚಾಗಿರುವುದು ಕಾಣುತ್ತದೆ. ಅವುಗಳ ನಡುವೆ ಗೆರೆ ಎಳೆಯುವುದು, ಅಕ್ಷರದ ಗಾತ್ರವನ್ನು ಬೇರೆ ಮಾಡುವುದು, ಎಲ್ಲವೂ ಪತ್ರಿಕೆಯವರ ಕೈಯಲ್ಲಿಯೇ ಇರುವ ಕೆಲಸ. ಜಾಲತಾಣದ ಪುಟವು ಮೇಲುನೋಟಕ್ಕೆ ಇದರಂತೆಯೇ ತೋರಿದರೂ ಅದರ ರಚನೆ ಬೇರೆ. ಅಲ್ಲಿ ಲೇಖನವು ಒಂದು ಯಂತ್ರದಿಂದ ಬಂದರೆ, ಅದರ ಪಕ್ಕದ ಜಾಹೀರಾತು ಸಾವಿರಾರು ಮೈಲಿ ದೂರದಲ್ಲಿರುವ ಮತ್ತೊಂದು ಯಂತ್ರದಿಂದ ಬಂದಿರಬಹುದು. ಓದುವವನ ಪರದೆಯ ಮೇಲೆ ಮಾತ್ರ ಅವೆರಡೂ ಕೂಡುತ್ತವೆ. ಹೀಗಿರುವಾಗ ಈ ಜಾಹೀರಾತಿಗೆ ಬಣ್ಣ, ಅಂಚು, ತಲೆಬರಹಗಳನ್ನು ಕೊಡುವ ಅಧಿಕಾರ ಯಾರದು? ಸ್ವಂತ ಜಾಲತಾಣವನ್ನು ಕಟ್ಟಿ, ಅದರಿಂದ ಅಲ್ಪಸ್ವಲ್ಪ ಆದಾಯವನ್ನು ಪಡೆಯಲೆಳಸುವ ವಿದ್ಯಾರ್ಥಿಗಳು ಇಂದು ಅನೇಕರಿರುವುದರಿಂದ ಈ ಪ್ರಶ್ನೆಯನ್ನು ವಿಚಾರಿಸುವುದು ಉಚಿತ.

1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆಯಲ್ಲಿ ಎ.ಟಿ. ಅಂಡ್ ಟಿ. ಸಂಸ್ಥೆಯ ಪಟ್ಟಿಯೊಂದು ಕಾಣಿಸಿಕೊಂಡಿತು. ಜಾಲಪುಟದ ಪಟ್ಟಿಜಾಹೀರಾತುಗಳಲ್ಲಿ ಇದನ್ನು ಮೊದಮೊದಲಿನದೆಂದು ಎಣಿಸುತ್ತಾರೆ. ಆಗ ಸ್ಥಳದ ಮಾರಾಟವು ಪತ್ರಿಕೆಗಳಲ್ಲಿರುವಂತೆ ನೇರವಾಗಿ ನಡೆಯುತ್ತಿತ್ತು. ಮುಂದೆ ಜಾಹೀರಾತುದಾರನಿಗೂ ತಾಣದ ಒಡೆಯನಿಗೂ ನಡುವೆ ಮಧ್ಯವರ್ತಿಗಳು ಹುಟ್ಟಿಕೊಂಡರು. ಇವರೇ ಜಾಹೀರಾತು ಜಾಲಗಳು. 2003ರಲ್ಲಿ ಆರಂಭವಾದ ಗೂಗಲ್ ಸಂಸ್ಥೆಯ ಆಡ್‌ಸೆನ್ಸ್ ಇವುಗಳಲ್ಲಿ ಪ್ರಸಿದ್ಧವಾದುದು. ತಾಣದ ಒಡೆಯನು ಜಾಲವು ಕೊಟ್ಟ ಕೆಲವು ಸಾಲುಗಳ ಕೋಡನ್ನು ತನ್ನ ಪುಟದಲ್ಲಿ ಸೇರಿಸುತ್ತಾನೆ. ಓದುಗನು ಪುಟವನ್ನು ತೆರೆದೊಡನೆ ಆ ಕೋಡು ಜಾಲಕ್ಕೆ ಬೇಡಿಕೆ ಕಳುಹಿಸುತ್ತದೆ; ಕ್ಷಣಾರ್ಧದಲ್ಲಿ ಹರಾಜು ನಡೆದು, ಗೆದ್ದ ಜಾಹೀರಾತು ಬಂದು ನಿಲ್ಲುತ್ತದೆ.

ಅದು ಬಂದು ನಿಲ್ಲುವ ಸ್ಥಳವು ಬಹುಮಟ್ಟಿಗೆ ಐಫ್ರೇಮ್ ಎಂಬ ಚೌಕಟ್ಟು. ಇದನ್ನು ನಮ್ಮ ಮನೆಯಲ್ಲಿಯೇ ಬಾಡಿಗೆಗೆ ಕೊಟ್ಟ ಒಂದು ಕೋಣೆಗೆ ಹೋಲಿಸಬಹುದು. ಕೋಣೆಯು ಎಲ್ಲಿರಬೇಕು, ಎಷ್ಟು ದೊಡ್ಡದಾಗಿರಬೇಕು, ಅದರ ಮುಂದಿನ ಜಗುಲಿ ಹೇಗಿರಬೇಕು ಎಂಬುದು ಮನೆಯೊಡೆಯನ ಇಚ್ಛೆ. ಒಳಗಿನ ಸಾಮಾನುಗಳನ್ನು ಮುಟ್ಟುವ ಹಕ್ಕು ಅವನಿಗಿಲ್ಲ. ಪುಟದ ಅಂದಚಂದಗಳನ್ನು ನಿರ್ಣಯಿಸುವ ಸಿ.ಎಸ್.ಎಸ್. ಎಂಬ ಶೈಲಿಭಾಷೆಗೂ ಇದೇ ಎಲ್ಲೆಯುಂಟು. ಹೊರಗಿನ ಪುಟದ ಶೈಲಿಯ ಆಜ್ಞೆಗಳು ಐಫ್ರೇಮಿನ ಒಳಗೆ ನಡೆಯುವುದಿಲ್ಲ. ಬೇರೊಂದು ತಾಣದಿಂದ ಬಂದ ಚೌಕಟ್ಟಿನೊಳಕ್ಕೆ ಕೈಹಾಕಲು ಬ್ರೌಸರ್ ಅವಕಾಶ ಕೊಡುವುದಿಲ್ಲ.

ಆದರೆ ಹೊರಗಿನಿಂದಲೇ ಮಾಡಬಹುದಾದ ಕಪಟವೂ ಉಂಟು. ನಿಯಮಗಳು ಹುಟ್ಟಿರುವುದು ಅದರಿಂದಲೇ. 1998ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದ ಬೆನ್‌ವೇ ಮತ್ತು ಲೇನ್ ಎಂಬುವರು, ಜನರು ಪುಟದಲ್ಲಿನ ದೊಡ್ಡ ಬಣ್ಣದ ಪಟ್ಟಿಗಳನ್ನು ಕಂಡೂ ಕಾಣದಂತೆ ದಾಟಿಹೋಗುವರೆಂದು ತೋರಿಸಿದರು. ಜಾಹೀರಾತನ್ನು ಜಾಹೀರಾತೆಂದು ತಿಳಿದರೆ ಕಣ್ಣು ಜಾರುತ್ತದೆ. ಆದುದರಿಂದ ಅದಕ್ಕೆ ಲೇಖನದ ವೇಷವನ್ನು ತೊಡಿಸೋಣವೆಂಬ ಆಸೆ ತಾಣದ ಒಡೆಯನಿಗೆ ಹುಟ್ಟುವುದು ಸಹಜ.

ಇದರಿಂದ ನಷ್ಟ ಯಾರಿಗೆ? ಒಬ್ಬ ಚಿಕ್ಕ ವ್ಯಾಪಾರಿಯು ಒಂದು ಕ್ಲಿಕ್ಕಿಗೆ 5 ರೂಪಾಯಿಯಂತೆ ದಿನಕ್ಕೆ 500 ರೂಪಾಯಿ ತೆಗೆದಿರಿಸಿದ್ದಾನೆಂದು ಭಾವಿಸೋಣ. ನೂರು ಕ್ಲಿಕ್ಕುಗಳಾದೊಡನೆ ಆ ದಿನದ ಹಣ ಮುಗಿಯಿತು. ಅವುಗಳಲ್ಲಿ 60 ಕ್ಲಿಕ್ಕುಗಳು ಮೋಸಹೋದ ಬೆರಳಿನಿಂದ ಬಂದವುಗಳಾದರೆ, ನಿಜವಾಗಿ ಸರಕು ನೋಡಲು ಬಂದವರು 40 ಮಂದಿ. ಒಬ್ಬೊಬ್ಬರಿಗೆ ಅವನು ತೆತ್ತ ಬೆಲೆ 5 ರೂಪಾಯಿಯಲ್ಲ, ಹನ್ನೆರಡೂವರೆ ರೂಪಾಯಿ. ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒತ್ತಿದಂತೆಯೇ ಇದು. 2024ರ ಆರಂಭದಲ್ಲಿ ಆಡ್‌ಸೆನ್ಸ್ ತಾಣದ ಒಡೆಯರಿಗೆ ಕೊಡುವ ಹಣವನ್ನು ಕ್ಲಿಕ್ಕಿನ ಬದಲು ಪ್ರದರ್ಶನದ ಎಣಿಕೆಗೆ ಹೊಂದಿಸಿತು. ಆದರೂ ಕ್ಲಿಕ್ಕಿಗೆ ಹಣ ಕೊಡುವ ಜಾಹೀರಾತುದಾರರು ಇದ್ದೇ ಇರುವುದರಿಂದ ಈ ವಿಚಾರದ ಮಹತ್ವ ಕುಗ್ಗಿಲ್ಲ.

ನಿಷಿದ್ಧವಾದವುಗಳನ್ನು ಮೊದಲು ನೋಡೋಣ. ಜಾಹೀರಾತಿನ ಕಡೆಗೆ ಬಾಣದ ಗುರುತು ಹಾಕಬಾರದು. ಅದನ್ನು ಒತ್ತಿರೆಂದು ಕೇಳಬಾರದು. ಅದಕ್ಕೆ ಸಂಬಂಧಪಟ್ಟಿತೆಂದು ತೋರುವಂತೆ ಪಕ್ಕದಲ್ಲಿ ಚಿತ್ರಗಳನ್ನು ಜೋಡಿಸಬಾರದು. ತಾಣದ ಪರಿವಿಡಿಯಂತೆಯೋ ಕಡತವನ್ನು ಇಳಿಸಿಕೊಳ್ಳುವ ಗುಂಡಿಯಂತೆಯೋ ಕಾಣಿಸಬಾರದು. ಬೇರೆ ವಸ್ತುವಿನ ಕೆಳಗೆ ಹುದುಗಿಸಬಾರದು. ಜಾಹೀರಾತಿನ ಮೇಲೆ ತಲೆಬರಹ ಕೊಡುವುದಾದರೆ ‘ಜಾಹೀರಾತುಗಳು’ ಅಥವಾ ‘ಪ್ರಾಯೋಜಿತ ಕೊಂಡಿಗಳು’ ಎಂಬರ್ಥದ್ದೇ ಆಗಬೇಕು. ‘ಉಪಯುಕ್ತ ಕೊಂಡಿಗಳು’ ಎಂಬಂಥದು ಸಲ್ಲದು. ಈ ನಿಯಮಗಳನ್ನು ಮುರಿದವನ ಗಳಿಕೆಯನ್ನು ತಡೆಹಿಡಿಯಬಹುದು, ಖಾತೆಯನ್ನೇ ಮುಚ್ಚಬಹುದು.

ಇಷ್ಟೆಲ್ಲ ಕಟ್ಟುಗಳಿದ್ದ ಮೇಲೆ ಉಳಿದುದೇನು ಎಂದು ಕೇಳಬಹುದು. ಸಾಕಷ್ಟು ಉಳಿದಿದೆ. ಚೌಕಟ್ಟಿನ ಸುತ್ತ ಧಾರಾಳವಾಗಿ ಬಿಳಿಯ ಸ್ಥಳವನ್ನು ಬಿಡಬಹುದು; ಅದರ ಹಿನ್ನೆಲೆಗೆ ಪುಟಕ್ಕೆ ಒಪ್ಪುವ ತಿಳಿಬಣ್ಣವನ್ನು ಕೊಡಬಹುದು; ತೆಳುವಾದ ಗೆರೆಯಿಂದ ಲೇಖನವನ್ನೂ ಜಾಹೀರಾತನ್ನೂ ಬೇರ್ಪಡಿಸಬಹುದು. ಪರದೆಯ ಅಗಲಕ್ಕೆ ತಕ್ಕಂತೆ ಗಾತ್ರವನ್ನು ಆರಿಸಬಹುದು: ಮೇಜಿನ ಕಂಪ್ಯೂಟರಿಗೆ 728 ಪಿಕ್ಸೆಲ್ ಅಗಲ, 90 ಪಿಕ್ಸೆಲ್ ಎತ್ತರದ ಪಟ್ಟಿ, ಮೊಬೈಲಿಗೆ 320 ಪಿಕ್ಸೆಲ್ ಅಗಲ, 50 ಪಿಕ್ಸೆಲ್ ಎತ್ತರದ ಪಟ್ಟಿ, ಹೀಗೆ. ಅಕ್ಷರದ ರೂಪವನ್ನೂ ಬಣ್ಣವನ್ನೂ ಪುಟಕ್ಕೆ ಹೊಂದಿಸಬೇಕೆನ್ನುವವರಿಗಾಗಿ ಆಡ್‌ಸೆನ್ಸ್ 2017ರಲ್ಲಿ ಹೊಸ ಬಗೆಯೊಂದನ್ನು ತಂದಿತು. ಇದರಲ್ಲಿ ಮಾರ್ಪಾಡುಗಳನ್ನು ಜಾಲವು ಒದಗಿಸಿದ ಸಾಧನದ ಮೂಲಕವೇ ಮಾಡಬೇಕು. ಜಾಹೀರಾತೆಂಬ ಗುರುತನ್ನು ಮಾತ್ರ ಅಳಿಸುವಂತಿಲ್ಲ.

ಎಲ್ಲಕ್ಕಿಂತ ಉಪಯುಕ್ತವಾದ ಅಲಂಕಾರವು ಕಣ್ಣಿಗೆ ಕಾಣದಂಥದು. ಅದೆಂದರೆ ಸ್ಥಳವನ್ನು ಮೊದಲೇ ಕಾಯ್ದಿರಿಸುವುದು. ಲೇಖನವು ಮೊದಲು ಬಂದು, ಜಾಹೀರಾತು ತಡವಾಗಿ ಬಂದರೆ ಅಕ್ಷರಗಳೆಲ್ಲ ಥಟ್ಟನೆ ಕೆಳಕ್ಕೆ ಸರಿಯುತ್ತವೆ. ಕೊಂಡಿಯನ್ನು ಒತ್ತಹೋದ ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ. ಮೋಸದ ಉದ್ದೇಶವಿಲ್ಲದಿದ್ದರೂ ಮೋಸದ ಫಲವೇ ಆಯಿತು. ಈ ಕದಲಿಕೆಯನ್ನು ಅಳೆಯಲು ಒಂದು ಮಾನವಿದೆ. ಪರದೆಯ ಎಷ್ಟು ಭಾಗವು ಕದಲಿಕೆಗೆ ಒಳಗಾಯಿತು, ಎಷ್ಟು ದೂರ ಕದಲಿತು ಎಂಬ ಎರಡು ಭಿನ್ನರಾಶಿಗಳನ್ನು ಗುಣಿಸಬೇಕು. 800 ಪಿಕ್ಸೆಲ್ ಎತ್ತರದ ಮೊಬೈಲ್ ಪರದೆಯಲ್ಲಿ ಮೇಲಿನ 160 ಪಿಕ್ಸೆಲ್ ಶೀರ್ಷಿಕೆ ಸ್ಥಿರವಾಗಿದ್ದು, ಉಳಿದ ಭಾಗವನ್ನೆಲ್ಲ ತುಂಬಿದ ಲೇಖನವನ್ನು 250 ಪಿಕ್ಸೆಲ್ ಎತ್ತರದ ಜಾಹೀರಾತು ಕೆಳಕ್ಕೆ ತಳ್ಳಿತೆನ್ನೋಣ. ಕದಲಿದ ಭಾಗ 0.8, ಕದಲಿದ ದೂರ 800ರಲ್ಲಿ 250, ಎಂದರೆ 0.3125. ಗುಣಲಬ್ಧ 0.25. ಗೂಗಲ್ ಸಂಸ್ಥೆಯ ಮಾರ್ಗಸೂಚಿಯಂತೆ ಇದು 0.1ನ್ನು ಮೀರದಿದ್ದರೆ ಒಳ್ಳೆಯದು, 0.25ನ್ನು ದಾಟಿದರೆ ಕೆಟ್ಟದ್ದು. ಒಂದೇ ಜಾಹೀರಾತಿನಿಂದ ಪುಟವು ಕೆಟ್ಟದ್ದರ ಅಂಚಿಗೆ ಬಂದು ನಿಂತಿತು! ಅದರ ಹೊರಚೌಕಟ್ಟಿಗೆ ‘ಕನಿಷ್ಠ ಎತ್ತರ 250 ಪಿಕ್ಸೆಲ್’ ಎಂಬ ಒಂದು ಸಾಲಿನ ಆಜ್ಞೆಯನ್ನು ಕೊಟ್ಟಿದ್ದರೆ ಈ ಸಂಖ್ಯೆ ಸೊನ್ನೆಯಾಗುತ್ತಿತ್ತು.

ಪ್ರಮಾಣದ ವಿಷಯವನ್ನೂ ಮರೆಯಬಾರದು. 2016ರಲ್ಲಿ ಸ್ಥಾಪಿತವಾದ ‘ಕೊಯಲಿಷನ್ ಫಾರ್ ಬೆಟರ್ ಆಡ್ಸ್’ ಎಂಬ ಒಕ್ಕೂಟವು ಮೊಬೈಲ್ ಪುಟದ ಮುಖ್ಯ ವಿಷಯಭಾಗದ ಎತ್ತರದಲ್ಲಿ ಶೇಕಡ 30ಕ್ಕಿಂತ ಹೆಚ್ಚನ್ನು ಜಾಹೀರಾತು ಆಕ್ರಮಿಸಕೂಡದೆಂದು ವಿಧಿಸಿದೆ. ಈ ಒಕ್ಕೂಟದ ಕಟ್ಟಳೆಗಳನ್ನು ಮೀರುವ ತಾಣಗಳ ಜಾಹೀರಾತುಗಳನ್ನು ಕ್ರೋಮ್ ಬ್ರೌಸರ್ 2018ರಲ್ಲಿ ಉತ್ತರ ಅಮೆರಿಕ ಮತ್ತು ಯುರೋಪುಗಳಲ್ಲಿಯೂ, 2019ರಲ್ಲಿ ಜಗತ್ತಿನಾದ್ಯಂತವೂ ತಡೆಯತೊಡಗಿತು.

ಮೇಲಿನ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಬೇಕಾದ ಅಗತ್ಯವಿಲ್ಲ. ಪುಟವು ಸಿದ್ಧವಾದ ಮೇಲೆ ಅದನ್ನು ಹಿಂದೆಂದೂ ನೋಡದ ಒಬ್ಬ ಗೆಳೆಯನಿಗೆ ತೋರಿಸಿ, ಇದರಲ್ಲಿ ಜಾಹೀರಾತು ಯಾವುದೆಂದು ಕೇಳಿ ನೋಡಬಹುದು. ಅವನು ತಡವರಿಸದೆ ಬೆರಳಿಟ್ಟು ತೋರಿಸಿದರೆ ಅಲಂಕಾರವು ಎಲ್ಲೆಯೊಳಗಿದೆ. ಅವನು ಅನುಮಾನಿಸಿದರೆ, ಜಾಲದವರು ಕಂಡುಹಿಡಿಯಲಿ ಬಿಡಲಿ, ತಿದ್ದಬೇಕಾದುದು ಏನೋ ಉಳಿದಿದೆಯೆಂದು ತಿಳಿಯತಕ್ಕದ್ದು.