ಕಬಡ್ಡಿಯ ಅಂಕದ ಮೇಜಿನಲ್ಲಿ ಒಂದು ದಿನ

ಮಕ್ಕಳೇ, ಕಬಡ್ಡಿ ಪಂದ್ಯ ನೋಡುವಾಗ ನಿಮ್ಮ ಕಣ್ಣು ಎಲ್ಲಿರುತ್ತದೆ? ದಾಳಿಗೆ ಹೋದವರ ಮೇಲೆ, ಅಲ್ಲವೇ? ಇಲ್ಲವೇ ಅವರ ಕಾಲು ಹಿಡಿಯಲು ಹೊಂಚು ಹಾಕಿ ನಿಂತವರ ಮೇಲೆ. ಅಂಕಣದ ಪಕ್ಕದಲ್ಲಿ ಮೇಜು ಹಾಕಿಕೊಂಡು ಹಾಳೆಯ ಮೇಲೆ ಏನೋ ಗೀಚುತ್ತ ಕುಳಿತವರನ್ನು ಯಾರೂ ನೋಡುವುದಿಲ್ಲ. ನೋಡುವುದು ಲೆಕ್ಕ ತಪ್ಪಿದಾಗ ಮಾತ್ರ! ಒಮ್ಮೆ ಆ ಮೇಜಿನಲ್ಲಿ ಕೂರುವ ಸರದಿ ನನ್ನದಾಗಿತ್ತು. ಲೆಕ್ಕ ತಪ್ಪಿದ್ದೂ ನಾನೇ.

ಯಳಂದೂರು ತಾಲ್ಲೂಕಿನ ಅಗರದಲ್ಲಿ ಅಂದು ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟ. ರಾತ್ರಿ ಮಳೆ ಬಿದ್ದು ಮೈದಾನದ ಮಣ್ಣು ಮೆತ್ತಗಾಗಿತ್ತು. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಮೇಲೆ ಮೋಡ ಕವಿದಿತ್ತು. ಬೇರೇನೋ ಕೆಲಸಕ್ಕೆ ಹೋಗಿದ್ದ ನನ್ನನ್ನು ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು ಕರೆದರು. "ನೀವು ವಿಜ್ಞಾನದವರು, ಲೆಕ್ಕ ನೆಟ್ಟಗೆ ಬರೀತೀರಿ, ಬನ್ನಿ ಕೂತ್ಕೊಳ್ಳಿ" ಎಂದು ಕೈಗೆ ಪೆನ್ನು ಕೊಟ್ಟೇಬಿಟ್ಟರು. ಅಂಕ ಬರೆಯುವುದು ಏನು ಮಹಾ ಕೆಲಸ ಎಂದುಕೊಂಡು ಕುಳಿತೆ.

ಎರಡು ಪಂದ್ಯ ಮುಗಿಯುವ ಹೊತ್ತಿಗೆ ನನ್ನ ಕತ್ತು ನೋಯುತ್ತಿತ್ತು. ಒಂದು ರೈಡ್‌ಗೆ ಇರುವುದು 30 ಸೆಕೆಂಡು. ಅದು ಮುಗಿದ ಕೂಡಲೇ ಎದುರು ತಂಡದ ರೈಡ್. ಬರೆಯಲು ತಲೆ ತಗ್ಗಿಸಿದರೆ ಆಟ ಕಾಣುವುದಿಲ್ಲ. ತಲೆ ಎತ್ತಿದರೆ ಬರೆಯಲಾಗುವುದಿಲ್ಲ!

ಅಂಕದ ಹಾಳೆ ಹೇಗಿರುತ್ತದೆ ಗೊತ್ತೇ? ಎರಡೂ ತಂಡಗಳ ಹೆಸರಿನ ಕೆಳಗೆ 1, 2, 3 ಎಂದು ಸಾಲಾಗಿ ಸಂಖ್ಯೆಗಳನ್ನು ಮುದ್ರಿಸಿರುತ್ತಾರೆ. ಅಂಕ ಬಂದಾಗಲೆಲ್ಲ ಮುಂದಿನ ಸಂಖ್ಯೆಯನ್ನು ಗೆರೆ ಎಳೆದು ಹೊಡೆಯಬೇಕು. ಒಬ್ಬರನ್ನು ಮುಟ್ಟಿ ಬಂದರೆ ಒಂದು ಗೆರೆ, ಇಬ್ಬರನ್ನು ಮುಟ್ಟಿದರೆ ಎರಡು. ಬೋನಸ್ ಅಂಕಕ್ಕೆ ಬೇರೆ ಗುರುತು. ಒಂದು ತಂಡ ಪೂರ್ತಿ ಔಟಾದರೆ ಎದುರಾಳಿಗೆ ಹೆಚ್ಚುವರಿಯಾಗಿ ಎರಡು ಅಂಕ. ಇದಕ್ಕೆ ಲೋನಾ ಎನ್ನುತ್ತಾರೆ, ಇದಕ್ಕೂ ಬೇರೆ ಗುರುತು. ಕೊನೆಯ ಗೆರೆ ಯಾವ ಸಂಖ್ಯೆಯ ಮೇಲಿದೆಯೋ ಅದೇ ಆ ತಂಡದ ಅಂಕ. ಕೂಡುವ ಕಷ್ಟವೇ ಇಲ್ಲ.

ಆದರೆ ನಾನು ಒಬ್ಬನೇ ಕುಳಿತಿರಲಿಲ್ಲ. ನನ್ನ ಎಡಕ್ಕೊಬ್ಬರು, ಬಲಕ್ಕೊಬ್ಬರು ಸಹಾಯಕ ಅಂಕ ಲೇಖಕರಿದ್ದರು. ಅವರು ಅಂಕವನ್ನೇ ಬರೆಯುತ್ತಿರಲಿಲ್ಲ! ತಮ್ಮ ತಮ್ಮ ತಂಡದಲ್ಲಿ ಯಾವ ನಂಬರಿನ ಆಟಗಾರ್ತಿ ಔಟಾದಳು, ಯಾರ ನಂತರ ಯಾರು ಎಂದು ಸಾಲಾಗಿ ಬರೆದುಕೊಳ್ಳುತ್ತಿದ್ದರು. ಕಬಡ್ಡಿಯಲ್ಲಿ ಔಟಾದವರು ಹೊರಗೆ ಸಾಲಾಗಿ ಕೂರಬೇಕು. ತಮ್ಮ ತಂಡ ಎದುರಾಳಿಯಲ್ಲಿ ಒಬ್ಬರನ್ನು ಔಟ್ ಮಾಡಿದಾಗ, ಮೊದಲು ಔಟಾದವರು ಮೊದಲು ಒಳಗೆ ಬರುತ್ತಾರೆ. ನ್ಯಾಯಬೆಲೆ ಅಂಗಡಿಯ ಸಾಲಿನ ಹಾಗೆ. ಆ ಸಾಲು ತಪ್ಪದಿರಲಿ ಎಂದೇ ಈ ಪಟ್ಟಿ.

ಇಲ್ಲಿ ಒಂದು ಸೊಗಸು ಇದೆ, ನಿಧಾನವಾಗಿ ಓದಿ. ಒಂದು ತಂಡದಲ್ಲಿ ಆಡುವವರು ಏಳು ಜನ. ಒಳಗೆ ಐವರಿದ್ದರೆ ಹೊರಗೆ ಇಬ್ಬರು ಕುಳಿತಿರಲೇಬೇಕು. ಒಳಗೆ ಒಬ್ಬಳೇ ಉಳಿದಿದ್ದರೆ ಹೊರಗೆ ಆರು ಜನ. ಆಟ ಎಷ್ಟೇ ಏರುಪೇರಾಗಲಿ, ಒಳಗಿನವರನ್ನೂ ಹೊರಗಿನವರನ್ನೂ ಕೂಡಿದರೆ ಏಳೇ ಬರಬೇಕು. ಆರು ಬಂದರೆ ಯಾರೋ ನೀರು ಕುಡಿಯಲು ಹೋಗಿದ್ದಾರೆ ಎಂದರ್ಥ. (ಅಂದು ಒಮ್ಮೆ ಹೀಗೆ ಆಯಿತು ಕೂಡ.) ಎಂಟು ಬಂದರೆ ಯಾರೋ ಸರದಿ ಇಲ್ಲದೆ ಒಳಗೆ ನುಗ್ಗಿದ್ದಾರೆ.

ಈಗ ಇನ್ನೊಂದು ಹೆಜ್ಜೆ. ನೀಲಿ ತಂಡಕ್ಕೆ ಅಂಕ ಎಲ್ಲಿಂದ ಬರುತ್ತದೆ? ಕೆಂಪು ತಂಡದವರು ಔಟಾದಾಗ ತಲಾ ಒಂದು. ಮೇಲೆ ಬೋನಸ್, ಲೋನಾ. ಹಾಗಾದರೆ ಕೆಂಪು ತಂಡದ ಔಟ್‌ಗಳ ಪಟ್ಟಿ ಮತ್ತು ನನ್ನ ಹಾಳೆಯಲ್ಲಿನ ನೀಲಿ ಅಂಕಗಳು ಒಂದೇ ಸಂಗತಿಯ ಎರಡು ಲೆಕ್ಕಗಳಾದವು! ಇಬ್ಬರು ಬೇರೆ ಬೇರೆ ಬರೆದದ್ದು, ಕೊನೆಗೆ ತಾಳೆಯಾಗಲೇಬೇಕು.

ಹುಡುಗಿಯರ ಅಂತಿಮ ಪಂದ್ಯ. 15 ನಿಮಿಷದ ಎರಡು ಅವಧಿ. ಕೊನೆಯ ಸೀಟಿ ಊದಿದಾಗ ನನ್ನ ಹಾಳೆಯಲ್ಲಿ ಕೆಂಪು 23, ನೀಲಿ 22. ಕೆಂಪು ತಂಡದವರು ಕುಣಿಯತೊಡಗಿದರು. ನೀಲಿ ತಂಡದ ನಾಯಕಿ ಮಾತ್ರ ಅಲ್ಲಾಡದೆ ನಿಂತಿದ್ದಳು. ಏಳನೇ ತರಗತಿಯ ಹುಡುಗಿ, ಮೊಣಕೈ ತರಚಿ ಮಣ್ಣು ಮೆತ್ತಿಕೊಂಡಿತ್ತು. ಮೇಜಿನ ಬಳಿ ಬಂದು, "ಸಾರ್, ನಮ್ದು ಇಪ್ಪತ್ಮೂರು" ಎಂದಳು. ಅಳಲಿಲ್ಲ, ಕೂಗಲಿಲ್ಲ. "ನಾನು ಎಣಿಸ್ಕಂಡಿದ್ದೀನಿ ಸಾರ್."

ನನಗೆ ಮೈ ಬೆವರಿತು. ಗೆದ್ದ ತಂಡ ತಾಲ್ಲೂಕು ಮಟ್ಟಕ್ಕೆ ಹೋಗುತ್ತದೆ, ಸೋತವರು ಮನೆಗೆ. ಸುತ್ತ ಜನ ಸೇರಿದರು. ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಎಂದರು. ಜಗಳ ಶುರುವಾಗುವ ಮೊದಲೇ ತೀರ್ಪುಗಾರರು, "ಪಟ್ಟಿ ತೆಗೀರಿ" ಎಂದರು.

ನನ್ನ ಹಾಳೆಯಲ್ಲಿ ನೀಲಿಯ 22 ಅಂಕಗಳಲ್ಲಿ ಲೋನಾದಿಂದ ಬಂದದ್ದು 2, ಬೋನಸ್ 3. ಉಳಿದ 17 ಅಂಕ ಕೆಂಪು ತಂಡದವರು ಔಟಾಗಿ ಬಂದವು. ಪಕ್ಕದವರ ಪಟ್ಟಿಯಲ್ಲಿ ಕೆಂಪು ತಂಡದ ಔಟ್‌ಗಳನ್ನು ಎಣಿಸಿದೆವು. ಹದಿನೆಂಟು! ಮತ್ತೆ ಎಣಿಸಿದೆವು. ಹದಿನೆಂಟೇ. ಕೆಂಪು ತಂಡದ ಅಂಕವನ್ನೂ ಹಾಗೆಯೇ ನೋಡಿದೆವು. ಔಟ್ 19, ಬೋನಸ್ 2, ಲೋನಾ 2, ಒಟ್ಟು 23. ಅದು ಪಟ್ಟಿಗೆ ತಾಳೆಯಾಯಿತು. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಮೊದಲಿನಿಂದ ಬೆರಳಿಟ್ಟು ಬಂದಾಗ, ಎರಡನೇ ಅವಧಿಯ ಒಂದು ರೈಡ್‌ನಲ್ಲಿ ತಪ್ಪು ಸಿಕ್ಕಿತು. ಪಟ್ಟಿಯಲ್ಲಿ 4 ಮತ್ತು 6ನೇ ನಂಬರಿನವರು ಒಟ್ಟಿಗೆ ಔಟ್. ನನ್ನಲ್ಲಿ ಒಂದೇ ಗೆರೆ. ಅಂಪೈರ್ ಎರಡು ಬೆರಳು ತೋರಿಸಿದ್ದರು. ನಾನು ಹಿಂದಿನ ರೈಡಿನ ಬೋನಸ್ ಗುರುತು ಹಾಕುತ್ತ ಒಂದು ಬೆರಳನ್ನಷ್ಟೇ ನೋಡಿದ್ದೆ. ತೀರ್ಪುಗಾರರು ಅಂಪೈರುಗಳನ್ನು ಕೇಳಿ 23-23 ಎಂದು ಸಾರಿದರು.

ತಪ್ಪು ಬೋನಸ್ಸಿನಲ್ಲಿ ಆಗಿದ್ದರೆ ಏನಾಗುತ್ತಿತ್ತು? ಅಂದಿನಿಂದ ನನ್ನನ್ನು ಕಾಡುವ ಪ್ರಶ್ನೆ ಇದು. ಎದುರು ಅಂಕಣದಲ್ಲಿ ಆರು ಅಥವಾ ಏಳು ಜನರಿದ್ದಾಗ ರೈಡರ್ ಬೋನಸ್ ಗೆರೆಯನ್ನು ನಿಯಮದಂತೆ ದಾಟಿದರೆ ಒಂದು ಅಂಕ. ಅದರಿಂದ ಯಾರೂ ಔಟಾಗುವುದಿಲ್ಲ, ಯಾರೂ ಒಳಗೆ ಬರುವುದಿಲ್ಲ. ಹೊರಗಿನ ಸಾಲಿನಲ್ಲಿ ಅದರ ಸುಳಿವೇ ಉಳಿಯದು. ಅಂಪೈರ್ ಹೆಬ್ಬೆರಳು ಎತ್ತಿ ತೋರಿಸಿದ ಕ್ಷಣದಲ್ಲಿ ಬರೆದರೆ ಉಂಟು, ಇಲ್ಲವಾದರೆ ಇಲ್ಲ. ವಿಜ್ಞಾನದಲ್ಲೂ ಹೀಗೆಯೇ. ಮಳೆ ಮಾಪಕದಲ್ಲಿ ಬಿದ್ದ ನೀರು ನೀವು ಬಂದು ಅಳೆಯುವವರೆಗೆ ಕಾದಿರುತ್ತದೆ. ಆದರೆ ಮಧ್ಯಾಹ್ನ 12 ಗಂಟೆಯ ಉಷ್ಣಾಂಶ ಕಾಯುವುದಿಲ್ಲ. 12 ಗಂಟೆಗೇ ತಾಪಮಾಪಕ ನೋಡಿ ಬರೆಯಬೇಕು. ಸಂಜೆ ನೆನಪಿನಿಂದ ಬರೆದ ಅಂಕಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ದೊಡ್ಡ ಪಂದ್ಯಗಳಲ್ಲೂ ಇದೇ ಲೆಕ್ಕ. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಆರಂಭವಾಯಿತು. 2019ರ ಜನವರಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ನಮ್ಮ ಬೆಂಗಳೂರು ಬುಲ್ಸ್ ತಂಡ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಅದಕ್ಕೂ ಮುಂಚೆ, 2017ರಲ್ಲಿ, ಪಟ್ನಾ ತಂಡದ ಪರ್ದೀಪ್ ನರ್ವಾಲ್ ಒಂದೇ ರೈಡ್‌ನಲ್ಲಿ ಎಂಟು ಅಂಕ ತಂದರು. ಎದುರಿಗೆ ಇದ್ದವರೇ ಆರು ಜನ, ಎಂಟು ಹೇಗೆ? ಆರೂ ಜನರನ್ನು ಔಟ್ ಮಾಡಿದ್ದಕ್ಕೆ ಆರು, ತಂಡ ಖಾಲಿಯಾಗಿ ಲೋನಾ ಬಂದದ್ದಕ್ಕೆ ಎರಡು.

ಇಂಗ್ಲೆಂಡಿನಲ್ಲಿ ಬಹಳ ಜನಪ್ರಿಯವಾದ ಡಾರ್ಟ್ಸ್ ಎಂಬ ಆಟದಲ್ಲಿ ಅಂಕ ಬರೆಯುವುದು ಇನ್ನೂ ಮೋಜಿನದು. ಗೋಡೆಗೆ ನೇತುಹಾಕಿದ ದುಂಡು ಹಲಗೆಗೆ 2.37 ಮೀಟರ್ ದೂರದಿಂದ ಪುಟ್ಟ ಬಾಣಗಳನ್ನು ಕೈಯಿಂದ ಎಸೆಯುತ್ತಾರೆ. ಒಂದು ಸರದಿಗೆ ಮೂರು ಬಾಣ. ಹೆಚ್ಚೆಂದರೆ 60ರಂತೆ 180 ಅಂಕ. ಇಲ್ಲಿ ಅಂಕ ಕೂಡುವುದಿಲ್ಲ, ಕಳೆಯುತ್ತಾರೆ! ಪ್ರತಿಯೊಬ್ಬರೂ 501ರಿಂದ ಶುರುಮಾಡಿ ಸರಿಯಾಗಿ ಸೊನ್ನೆಗೆ ತಲುಪಬೇಕು. ಅಂಕ ಬರೆಯುವವರು ಎಸೆದದ್ದನ್ನು ಒಂದು ಸಾಲಿನಲ್ಲಿ, ಉಳಿದದ್ದನ್ನು ಇನ್ನೊಂದು ಸಾಲಿನಲ್ಲಿ ಬರೆಯುತ್ತಾರೆ. ಹಿಂದೆ ಹಲಗೆಯ ಪಕ್ಕದಲ್ಲೇ ನಿಂತು ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಈಗ ದೊಡ್ಡ ಪಂದ್ಯಗಳಲ್ಲಿ ಕಂಪ್ಯೂಟರ್ ಪರದೆ ಇರುತ್ತದೆ. 140 ಎಸೆದರೆ ಉಳಿದದ್ದು 361. ಮತ್ತೆ 85 ಎಸೆದರೆ 276. ಕಳೆದದ್ದು ಸರಿಯೇ ಎಂದು ಅನುಮಾನ ಬಂದರೆ 140, 85, 276 ಮೂರನ್ನೂ ಕೂಡಿ. 501 ಬಂತೇ? ನಮ್ಮ ಏಳರ ಹಾಗೆ ಅವರ 501 ಕೂಡ ಬದಲಾಗುವುದಿಲ್ಲ. ಲ್ಯೂಕ್ ಲಿಟ್ಲರ್ ಎಂಬ ಹುಡುಗ 2025ರ ಜನವರಿಯಲ್ಲಿ ಈ ಆಟದ ವಿಶ್ವ ಚಾಂಪಿಯನ್ ಆದಾಗ ಅವನಿಗೆ ಬರೀ 17 ವರ್ಷ.

ಅಗರದ ಪಂದ್ಯ ಏನಾಯಿತು ಎಂದು ಕೇಳುತ್ತೀರಾ? ಸಮ ಆದದ್ದರಿಂದ ಎರಡೂ ತಂಡಗಳಿಗೆ ತಲಾ ಐದು ರೈಡ್ ಕೊಟ್ಟರು. ಗೆದ್ದದ್ದು ಕೆಂಪು ತಂಡವೇ. ನೀಲಿ ನಾಯಕಿ ಹೋಗುವ ಮುನ್ನ ಮೇಜಿನ ಬಳಿ ಬಂದು ಎರಡೂ ಹಾಳೆಗಳನ್ನು ತಾನೇ ಒಮ್ಮೆ ಎಣಿಸಿ ನೋಡಿದಳು. "ಈಗ ಸರಿ ಐತೆ ಸಾರ್" ಎಂದಳು.

ಮಾಡಿ ನೋಡಿ: ಮುಂದಿನ ಆಟದ ಅವಧಿಯಲ್ಲಿ ನಿಮ್ಮಲ್ಲಿ ಒಬ್ಬರು ಎರಡೂ ತಂಡಗಳ ಅಂಕ ಬರೆಯಿರಿ, ಇನ್ನಿಬ್ಬರು ಔಟಾದವರ ಪಟ್ಟಿ ಬರೆಯಿರಿ. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಬಾರದು. ಅರ್ಧ ಆಟ ಮುಗಿದಾಗ ತಾಳೆ ನೋಡಿ. ಅದಕ್ಕೆ ಮುಂಚೆ ಈ ಲೆಕ್ಕ ಬಿಡಿಸಿ: ಒಂದು ತಂಡದ ಅಂಕ 31, ಅದರಲ್ಲಿ ಎರಡು ಲೋನಾ ಸೇರಿವೆ. ಎದುರಾಳಿಗಳ ಪಟ್ಟಿಯಲ್ಲಿ 24 ಔಟ್‌ಗಳಿವೆ. ಉಳಿದದ್ದೆಲ್ಲ ಬೋನಸ್ ಆದರೆ, ಬೋನಸ್ ಅಂಕ ಎಷ್ಟು?